ಐರಿಶ್ ಹುಡುಗಿಗೆ ನಾನು ಮಾಡಿಸಿದ ಮದುವೆ

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಬರೆದುಕೊಡಿ ಎಂದರು. ಒಂದು ಕಡೆ ಕೂತು ಬರೆಯುವ ಸ್ವಭಾವ ನನ್ನದಲ್ಲ. ಈ ಮೂರು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ, ಒಂದು ಸಲ ಹಾಲು ಉಕ್ಕಿಸಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಶಾಲು, ಹಾರ ಎಲ್ಲರಿಗೂ ಆಗುವಂತೆ ನನಗೂ ಆದವು, ಅವನ್ನು ಬಿಟ್ಟುಬಿಡುತ್ತೇನೆ. ನಾನು ಮಾಡಿದ ಒಂದು ತಪ್ಪಿನ ವಿಷಯ ಬರೆಯುತ್ತೇನೆ. ಅದು ಇವತ್ತಿಗೂ ನನ್ನನ್ನು ನೆಮ್ಮದಿಯಾಗಿ ಕೂರಲು ಬಿಟ್ಟಿಲ್ಲ.

ರಾಜ್ಯ ಒಂದಾದ ಮರುವರ್ಷ ನಾನು ಶಿರಸಿಯ ಒಂದು ವಾಚನಾಲಯಕ್ಕೆ ಸೇರಿದೆ. ಮಾಮಲೇದಾರ ಕಚೇರಿಗೆ ತಹಶೀಲ್ದಾರ ಕಚೇರಿ ಎಂದು ಹೊಸ ಫಲಕ ಬಂದಿತ್ತು, ಜನ ಮಾತ್ರ ಹಳೆಯ ಹೆಸರನ್ನೇ ಹೇಳುತ್ತಿದ್ದರು. ನನ್ನ ಊರು ಮತ್ತಿಘಟ್ಟ. ಶಿರಸಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಮೆಟ್ರಿಕ್ ಮುಗಿಸಿದ್ದೆ. ವಾಚನಾಲಯದಲ್ಲಿ ಗಂಡಸರು ಪತ್ರಿಕೆ ಹರಡಿಕೊಂಡು, ಕಾಲು ಚಾಚಿಕೊಂಡು ಕೂತಿರುತ್ತಿದ್ದರು. ಹೆಂಗಸರು ಆ ಮೆಟ್ಟಿಲು ಹತ್ತುತ್ತಿರಲಿಲ್ಲ. ಹೆಂಗಸರು ಪುಸ್ತಕದ ಬಳಿ ಬರದಿದ್ದರೆ ಪುಸ್ತಕವೇ ಅವರ ಬಳಿ ಹೋಗಲಿ ಎಂದು ನಮ್ಮ ಕಾರ್ಯದರ್ಶಿಗಳು ತೀರ್ಮಾನಿಸಿದರು. ಅವರು ವಕೀಲರು, ಒಳ್ಳೆಯ ಮನುಷ್ಯರು, ಆದರೆ ಯಾರಾದರೂ ಮುಖ ಗಂಟು ಹಾಕಿದರೆ ಹೆದರುವವರು. ಪುಸ್ತಕ ಒಯ್ಯುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ಮಂಗಳವಾರ ಸಿದ್ದಾಪುರ, ಗುರುವಾರ ಯಲ್ಲಾಪುರ, ಶನಿವಾರ ಬನವಾಸಿ ಕಡೆ. ಬಸ್ಸಿನಲ್ಲಿ ಹೋಗುವುದು, ಮನೆಮನೆಗೆ ನಡೆಯುವುದು, ಓದಿದ್ದನ್ನು ಇಸಿದುಕೊಂಡು ಹೊಸದನ್ನು ಕೊಡುವುದು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವಂತೆ ಎಲ್ಲರ ಬಾಯಲ್ಲಿ ನಾನು ಪುಸ್ತಕದ ಅಕ್ಕೋರಾದೆ.

ಪುಸ್ತಕಗಳು ಹೇಗೆ ಮರಳಿ ಬರುತ್ತಿದ್ದವು ಎಂದು ಕೇಳಿದರೆ ನಿಮಗೆ ನಗು ಬರಬಹುದು. ಒಂದು ಪತ್ತೇದಾರಿ ಕಾದಂಬರಿ ಅಕ್ಕಿಯ ಡಬ್ಬದಲ್ಲಿ ಅಡಗಿದ್ದು ನುಸಿ ಸಮೇತ ಬಂತು. ಒಂದರ ಹಾಳೆಗಳ ನಡುವೆ ಹಪ್ಪಳದ ಹಿಟ್ಟು ಒಣಗಿ ಕೂತಿತ್ತು. ಮೊದಲ ವರ್ಷವೇ ನಾನು ಮಾಡಿದ ಎಡವಟ್ಟು ಬೇರೆ. ಪುಸ್ತಕದ ಹಿಂದಿನ ಚೀಟಿಯಲ್ಲಿ ಒಯ್ದವರ ಹೆಸರು ಬರೆಯುತ್ತಿದ್ದೆ. ಸಿದ್ದಾಪುರದ ಒಬ್ಬ ಅತ್ತೆ ಆ ಚೀಟಿ ನೋಡಿ, ಪಕ್ಕದ ಮನೆಯ ಸೊಸೆ ಎಂತೆಂಥ ಕಾದಂಬರಿ ಓದುತ್ತಾಳೆಂದು ಕೇರಿಗೆಲ್ಲ ಸಾರಿದಳು. ಆ ಸೊಸೆ ಮತ್ತೆಂದೂ ಪುಸ್ತಕ ಮುಟ್ಟಲಿಲ್ಲ. ಅಂದಿನಿಂದ ನಾನು ಹೆಸರು ಬಿಟ್ಟು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟೆ. ಯಾರು ಯಾವ ಸಂಖ್ಯೆ ಎಂಬುದು ನನ್ನ ಚೀಲದ ಸಣ್ಣ ವಹಿಯಲ್ಲಿ ಮಾತ್ರ ಇತ್ತು. ಹೊಸಬರೇ, ಇದೊಂದನ್ನು ನೆನಪಿಡಿ. ಓದುವವರ ಗುಟ್ಟು ಕಾಯುವುದು ಪುಸ್ತಕ ಕಾಯುವುದಕ್ಕಿಂತ ದೊಡ್ಡ ಕೆಲಸ.

ನನ್ನದೂ ಒಂದು ಗುಟ್ಟಿತ್ತು. ನನಗೆ ಮದುವೆ ಬೇಡವಾಗಿತ್ತು. ಗಂಡಸರ ಮೇಲೆ ಕೋಪವಿರಲಿಲ್ಲ, ಯಾರೂ ಕೈಕೊಟ್ಟಿರಲಿಲ್ಲ, ಸನ್ಯಾಸದ ಆಸೆಯೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಆ ದಿನ ನನ್ನದಾಗಿರಬೇಕು ಅನ್ನಿಸುತ್ತಿತ್ತು, ಅಷ್ಟೇ. ಅಷ್ಟು ಹೇಳಿದರೆ ಯಾರೂ ಒಪ್ಪುವಂತಿರಲಿಲ್ಲ. ಒಂದು ರೋಗ, ಒಂದು ದುಃಖ, ಕೊನೆಗೆ ಒಂದು ಹರಕೆಯಾದರೂ ಬೇಕಿತ್ತು. ಜಾತಕ ಕೈಯಿಂದ ಕೈಗೆ ಓಡಾಡತೊಡಗಿದಾಗ ನಾನು ಹೆಗಡೆಕಟ್ಟಾದಲ್ಲಿದ್ದ ಸೋದರಮಾವನ ಬಳಿಗೆ ಹೋದೆ. ಅವನು ಜೋಯಿಸ. ನನ್ನ ಜಾತಕದಲ್ಲಿ ಗಟ್ಟಿಯಾದೊಂದು ಕುಜದೋಷ ಹಾಕಿಕೊಡು ಎಂದು ಕೇಳಿದೆ.

ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಎಲ್ಲಾ ದೋಷ ತೆಗ್ಸಲೆ ಬತ್ತ. ನೀನೊಬ್ಳು ಹಾಕ್ಸಲೆ ಬಂದ್ಯಲೆ ಕೂಸೆ."

"ಆಗ್ತ, ಆಗ್ತಿಲ್ಯ, ಹೇಳು ಮಾವ."

"ಆಗ್ತು. ಒಂದ್ಸಲ ಹಾಕಿದ್ರೆ ತೆಗೆಯದು ಕಷ್ಟ, ನೋಡ್ಕ."

ಅವನು ಕುಜನನ್ನು ಒಂದು ಮನೆಯಿಂದ ಎತ್ತಿ ಇನ್ನೊಂದು ಮನೆಯಲ್ಲಿ ಕೂರಿಸಿದ. ಗಂಡುಗಳ ಕಡೆಯವರು ಬರುವುದು ನಿಂತಿತು. ಅಮ್ಮ ಒಂದು ವರ್ಷ ಅತ್ತಳು, ಆಮೇಲೆ ಹಣೆಬರಹ ಎಂದು ಸುಮ್ಮನಾದಳು. ಆ ಸುಳ್ಳಿನಿಂದ ನನಗೆ ಕೆಲಸದಲ್ಲಿ ಎಷ್ಟು ಅನುಕೂಲವಾಯಿತೆಂದು ಆಮೇಲೆ ತಿಳಿಯಿತು. ಪಾಪ, ದೋಷದ ಹುಡುಗಿ ಎಂದು ಎಲ್ಲ ಮನೆಯವರೂ ಒಳಗೆ ಕರೆದು ಮಣೆ ಹಾಕುತ್ತಿದ್ದರು. ಅವಳಾಗಿಯೇ ಬೇಡ ಎಂದವಳು ಅಂತ ಗೊತ್ತಿದ್ದರೆ ಸೊಸೆಯಂದಿರ ಹತ್ತಿರ ನನ್ನನ್ನು ಬಿಡುತ್ತಿರಲಿಲ್ಲ.

ಅದೇ ಸುಮಾರಿಗೆ ಯಲ್ಲಾಪುರದಲ್ಲಿ ಬಂಗಲೆ ಖಾಲಿ ಮಾಡಿ ಹೋದ ಒಬ್ಬ ದೊರೆಯ ಮನೆಯಿಂದ ಎರಡು ಪೆಟ್ಟಿಗೆ ಇಂಗ್ಲಿಷ್ ಪುಸ್ತಕ ನಮಗೆ ಬಂದವು. ಒಂದಕ್ಕೆ ರಟ್ಟಿರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಒಳಗೊಂದು ಕಡೆ ಡಬ್ಲಿನ್ನಿನ ಅಂಗಡಿಯ ಮುದ್ರೆಯಿತ್ತು. ಬರೆದವಳು ಹೆಂಗಸು ಎಂಬುದು ಓದುತ್ತಾ ಹೋದಂತೆ ನನಗೆ ಖಾತ್ರಿಯಾಯಿತು. ಪಾತ್ರೆ ತೊಳೆಯುವಾಗ ನೀರು ತಣ್ಣಗಾಗುವುದನ್ನು ಗಂಡಸು ಅಷ್ಟು ಸರಿಯಾಗಿ ಬರೆಯಲಾರ. ದಾಖಲೆ ಪುಸ್ತಕದಲ್ಲಿ 'ಐರಿಶ್ ಹೆಂಗಸಿನ ಕಥೆ, ಹೆಸರಿಲ್ಲ' ಎಂದು ಬರೆದುಕೊಂಡೆ. ನಿಘಂಟು ಇಟ್ಟುಕೊಂಡು ಬಸ್ಸಿನಲ್ಲಿ ಓದಿದೆ.

ಕಥೆ ದೊಡ್ಡದೇನಲ್ಲ. ಬ್ರಿಜೆಟ್ ಎಂಬ ಅಂಗಡಿಕಾರನ ಮಗಳು. ಅಣ್ಣ ಅವಳಿಗೊಬ್ಬ ವಯಸ್ಸಾದ ವಿಧುರನನ್ನು ಗೊತ್ತು ಮಾಡುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಹಾಗಾದರೆ ಸನ್ಯಾಸಿನಿಯರ ಮಠಕ್ಕೆ ಸೇರು ಎನ್ನುತ್ತಾಳೆ ತಾಯಿ. ಅದನ್ನೂ ಒಲ್ಲೆ ಎನ್ನುತ್ತಾಳೆ. ಒಂದು ಕೋಣೆ ಹಿಡಿದು ಬಟ್ಟೆ ಹೊಲಿದು ಬದುಕುತ್ತಾಳೆ. ಅವಳಿಗೆ ಇಷ್ಟವಾಗುವ ಒಬ್ಬ ಮಾಸ್ತರನೂ ಬರುತ್ತಾನೆ. ಒಂದು ಸಂಜೆ ಅವನು ಮದುವೆಯ ಮಾತೆತ್ತುತ್ತಾನೆ. ಅವಳು ಯೋಚಿಸಿ, ಬೇಡ ಎಂದು ಹೇಳಿ, ಬಾಗಿಲವರೆಗೆ ಕಳಿಸಿ ಬಂದು, ಚಿಲಕ ಹಾಕಿ, ಚಹಾ ಮಾಡಿಕೊಂಡು ಕಿಟಕಿಯ ಬಳಿ ಕೂರುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಅಷ್ಟು ದೂರದ ದೇಶದ, ಹೆಸರೂ ಗೊತ್ತಿಲ್ಲದ ಒಬ್ಬಳು ನನ್ನ ಗುಟ್ಟನ್ನು ನನಗಿಂತ ಮೊದಲೇ ಬರೆದಿಟ್ಟಿದ್ದಳು. ನನಗೆ ಸುಮ್ಮನಿರಲು ಆಗಲಿಲ್ಲ.

ಗುಡ್ನಾಪುರದಲ್ಲಿ ಒಬ್ಬ ದಲಾಲಿ ವ್ಯಾಪಾರಿಯ ಮನೆಯಿತ್ತು. ಆ ಮನೆಯ ಹಿರಿಯರು ನೀಲವ್ವ, ವ್ಯಾಪಾರಿಯ ತಾಯಿ. ಶನಿವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರುತ್ತಿದ್ದರು. ಓದು ಬರುತ್ತಿದ್ದವರು ಕಡಿಮೆ, ಹಾಗಾಗಿ ನಾನು ಕಥೆ ಹೇಳುವುದು ರೂಢಿಯಾಗಿತ್ತು. ವಾರಕ್ಕಿಷ್ಟು ಎಂದು ಬ್ರಿಜೆಟ್ಟಳ ಕಥೆ ಶುರು ಮಾಡಿದೆ. ಎರಡನೇ ವಾರಕ್ಕೆ ಅವಳು ಎಲ್ಲರ ಬಾಯಲ್ಲಿ ಬಿಜ್ಜವ್ವಳಾದಳು. ವಿಧುರನ ವಿಷಯ ಬಂದಾಗ, "ಆಕಳ ಎಷ್ಟ ಅದಾವ್ರಿ ಅವಂಗ?" ಎಂದು ಒಬ್ಬಾಕೆ ಕೇಳಿದಳು. ಹನ್ನೆರಡು ಎಂದೆ. "ಚಲೋ ಸಂಬಂಧ ಐತಿ, ಈಕಿಗೇನ ದಾಡಿ?" ಎಂದಳು.

ಮಠದ ಭಾಗ ಬಂದ ದಿನ ನೀಲವ್ವ ನನ್ನನ್ನು ನಡುವೆಯೇ ತಡೆದರು. "ನಮ್ಮಲ್ಲೂ ಒಬ್ಬಾಕಿ ಶರಣಿ ಅರಮನಿ ಬಿಟ್ಟು ಹೋದ್ಲು ಅಕ್ಕೋರ. ಆದ್ರ ಆಕಿಗೆ ದೇವರ ಗಂಡ ಆಗಿದ್ದ. ಈಕಿ ಗಂಡನ್ನೂ ಒಲ್ಲೆ ಅಂತಾಳ, ದೇವರನ್ನೂ ಒಲ್ಲೆ ಅಂತಾಳ. ಹಂಗಂದ್ರ ಈಕಿ ಯಾರಾಕಿ?"

ಕಂಬಕ್ಕೆ ಒರಗಿ ಕೂತಿದ್ದ ನೀಲವ್ವನ ಮೊಮ್ಮಗಳು ತಟ್ಟನೆ, "ತನ್ನಾಕಿ ತಾನ ಆಯಿ" ಎಂದಳು. ಅವಳು ಶಿವಲೀಲಾ, ನನ್ನ ವಹಿಯಲ್ಲಿ ನಲವತ್ತೊಂದನೇ ಸಂಖ್ಯೆ. ಹತ್ತೊಂಬತ್ತು ವರ್ಷ, ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸು, ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ತರಬೇತಿ ಪಡೆಯಬೇಕೆಂಬ ಹಟ. ಹಾನಗಲ್ಲಿನ ಒಬ್ಬ ಕಿರಾಣಿ ವ್ಯಾಪಾರಿಯ ಮನೆಯಿಂದ ಅವಳಿಗೆ ಕೇಳಿಕೊಂಡು ಬಂದಿದ್ದರು. ಅಪ್ಪ ಅವಳನ್ನು ಒತ್ತಾಯಿಸಿರಲಿಲ್ಲ, ಒಂದು ತಿಂಗಳು ಗಡುವು ಕೊಟ್ಟಿದ್ದ. ಬಾಗಿಲವರೆಗೆ ನನ್ನನ್ನು ಕಳಿಸಲು ಬಂದವಳು ದನಿ ತಗ್ಗಿಸಿ ಕೇಳಿದಳು: "ಅಕ್ಕೋರ, ಕಡೀಕ ಆಕಿ ಏನ ಮಾಡ್ತಾಳ್ರಿ? ನಾ ನಾಳಿ ಬಿಟ್ಟು ಆಚಿ ಐತಾರದ ಒಳಗ ಅಪ್ಪಗ ಜವಾಬು ಕೊಡಬೇಕು."

"ಬರುವ ಶನಿವಾರ ಹೇಳ್ತೇನೆ" ಎಂದೆ. ಅಲ್ಲೇ, ಆ ಬಾಗಿಲಲ್ಲೇ ಹೇಳಿಬಿಟ್ಟಿದ್ದರೆ! ಕುತೂಹಲ ಉಳಿಸಬೇಕೆಂಬ ಕಥೆ ಹೇಳುವವಳ ಚಟ.

ನಡುವೆ ಬುಧವಾರ ಕಾರ್ಯದರ್ಶಿ ವಕೀಲರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಒಂದು ಕಾಗದವಿತ್ತು. ಪುಸ್ತಕದ ಅಕ್ಕೋರು ಹೆಣ್ಣುಮಕ್ಕಳ ತಲೆ ಕೆಡಿಸುತ್ತಾರೆಂದು ಬನವಾಸಿ ಕಡೆಯ ನಾಲ್ಕು ಮನೆಯವರು ಬರೆದಿದ್ದರು.

"ಕೂತ್ಕ" ಎಂದರು. "ಅದೆಂತದ ಐರಿಶ್ ಕಥೆ ಹೇಳ್ತಾ ಇದ್ಯಡ. ಕಡಿಗಾದ್ರೂ ಆ ಕೂಸಿಗೆ ಮದುವೆ ಆಗ್ತನೆ?"

"ಇಲ್ಲೆ. ಅದು ಬ್ಯಾಡ ಹೇಳ್ತು."

"ಎಂತಕ್ಕೆ? ಕಾಯಿಲೆಯ?"

"ಅಲ್ಲ. ಬ್ಯಾಡ ಹೇಳಿ ಬ್ಯಾಡ."

ವಕೀಲರು ಹಣೆ ಒತ್ತಿಕೊಂಡರು. "ಒಂದು ಮದುವೆ ಮಾಡ್ಸಿಬಿಡು ಮಾರಾಯ್ತಿ. ಕಥೇಲಿ ತಾನೆ. ಚಪ್ಪರ ಹಾಕವು ಹೇಳಿ ಇದ್ದ, ಊಟಕ್ಕೆ ಬಡಿಸವು ಹೇಳಿ ಇದ್ದ? ಇಲ್ದಿದ್ರೆ ಈ ಚೀಲ ಇಲ್ಲೇ ಇಟ್ಟಿಕ್ಕಿ ಮನಿಗೆ ಹೋಗವಾಗ್ತು, ನೋಡು."

ಆ ಚೀಲವಿಲ್ಲದಿದ್ದರೆ ನನಗೆ ಬಸ್ಸಿಲ್ಲ, ಸಿದ್ದಾಪುರವಿಲ್ಲ, ಯಲ್ಲಾಪುರವಿಲ್ಲ. ಮತ್ತಿಘಟ್ಟದ ಅಡುಗೆಮನೆಯಲ್ಲಿ ಅಣ್ಣನ ಮಕ್ಕಳಿಗೆ ಜಡೆ ಹೆಣೆಯುತ್ತಾ ಕೂರಬೇಕು. ನಾನು ಹೆದರಿದೆ. ಈಗಿನ ಹುಡುಗಿಯರು ನನ್ನನ್ನು ಧೈರ್ಯವಂತೆ ಎನ್ನುತ್ತಾರೆ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಶನಿವಾರ ಪಡಸಾಲೆಯಲ್ಲಿ ನಾನು ಬಿಜ್ಜವ್ವನಿಗೆ ಮಾಸ್ತರನ ಜೊತೆ ಮದುವೆ ಮಾಡಿಸಿದೆ. ಶುರು ಮಾಡಿದ ಮೇಲೆ ನನಗೇ ಹುರುಪು ಬಂದು ಮೂರು ಮಕ್ಕಳನ್ನೂ ಕೊಟ್ಟೆ, ಹಿತ್ತಲಿಗೊಂದು ಆಕಳನ್ನೂ ಕಟ್ಟಿದೆ. ಹೆಂಗಸರು ನಿಟ್ಟುಸಿರು ಬಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನೀಲವ್ವ ಮದುವೆಯ ಸಿಹಿ ಎಂದು ಮಾದಲಿ, ಹಾಲು ತಂದಿಟ್ಟರು. ಕಂಬದ ಬಳಿಯಿಂದ ಶಿವಲೀಲಾ ಕೇಳಿದಳು: "ಖರೇನ ಹಂಗ ಐತೇನ್ರಿ ಪುಸ್ತಕದಾಗ?"

"ಹೌದು" ಎಂದೆ. ಪುಸ್ತಕ ನನ್ನ ತೊಡೆಯ ಮೇಲೇ ಇತ್ತು.

ಮುಂದಿನ ಶನಿವಾರ ಹೋದಾಗ ಪಡಸಾಲೆಗೆ ಸುಣ್ಣ ಬಳಿಯುತ್ತಿದ್ದರು. "ನಿಮ್ಮ ಕಥಿ ಕೆಲಸ ಮಾಡ್ತು ನೋಡ್ರಿ ಅಕ್ಕೋರ" ಎಂದರು ನೀಲವ್ವ ನಗುತ್ತಾ. "ಹುಡುಗಿ ಹೂಂ ಅಂದ್ಲು. ಮುಂದಿನ ಬೇಸ್ತವಾರ ಅಲ್ಲ, ಅದರಾಚಿ ಬೇಸ್ತವಾರ ನಿಶ್ಚಯ." ಅವರು ಕೊಟ್ಟ ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಶಿವಲೀಲಾ ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳ ಎದುರು ನಿಂತು, ನಾನು ಹೇಳಿದ ಕೊನೆ ಸುಳ್ಳು, ಪುಸ್ತಕದಲ್ಲಿ ಬಿಜ್ಜವ್ವ ಮದುವೆಯಾಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ಸೀರೆಯನ್ನು ಹಿಂಡಿ ಬುಟ್ಟಿಗೆ ಹಾಕಿದಳು. "ಹಂಗಾದ್ರ ನಿಮ್ಮದ? ನಿಮ್ಮದೂ ಸುಳ್ಳೇನ್ರಿ?"

"ನನ್ನದೇನು?"

"ನಿಮಗ ಜಾತಕದಾಗ ದೋಷ ಐತಿ, ಯಾರೂ ಮಾಡ್ಕೊಳ್ಳಿಲ್ಲ ಅಂತಾರ. ಬಿಜ್ಜವ್ವಗೂ ಕಡೀಕ ಲಗ್ನ ಆತು ಅಂದ್ರಿ. ಹಂಗಾದ್ರ ತಾನ ಒಲ್ಲೆ ಅಂದಾಕಿ ಈ ಲೋಕದಾಗ ಒಬ್ಬಾಕೀನೂ ಇಲ್ಲ ಅಂತ ತಿಳಕೊಂಡೆ. ಇಲ್ಲದ್ದನ್ನ ನಾ ಒಬ್ಬಾಕಿ ಹೆಂಗ ಮಾಡ್ಲಿ? ಅದಕ್ಕ ಹೂಂ ಅಂದೆ."

ನಾನು ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ವಕೀಲರು ನನ್ನಿಂದ ಒಂದು ಸುಳ್ಳು ಹೇಳಿಸಿದ್ದರು. ಮೊದಲನೆಯದನ್ನು ನಾನೇ ಮಾವನಿಂದ ಬರೆಸಿಕೊಂಡು ಬಂದಿದ್ದೆ. ನನ್ನ ಸೌಖ್ಯಕ್ಕೆಂದು ಕಟ್ಟಿಕೊಂಡ ಬೇಲಿ ಈ ಹುಡುಗಿಯ ದಾರಿಗೆ ಅಡ್ಡ ಬಿದ್ದಿತ್ತು. ಕುಜನ ವಿಷಯವನ್ನೂ ಅವಳಿಗೆ ಹೇಳಿದೆ. ಕೇಳಿ ಅವಳು ನಕ್ಕಳು, ಆಮೇಲೆ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಇಲ್ಲಿ ನನ್ನ ಮುಂದ ಹೇಳಿದ್ರ ಏನ ಉಪಯೋಗ ಅಕ್ಕೋರ? ನಾ ಈಗ ಒಲ್ಲೆ ಅಂದ್ರ, ಯಾರ ಹಂಗ ಅದಾರ ತೋರ್ಸು ಅಂತಾರ. ಅಲ್ಲಿ ಪಡಸಾಲ್ಯಾಗ ಹೇಳ್ರಿ."

ಆ ವಾರ ನಾನು ಹೇಗೆ ಕಳೆದೆನೋ. ಸಿದ್ದಾಪುರಕ್ಕೆ ಹೋಗಿ ಯಲ್ಲಾಪುರದವರ ಪುಸ್ತಕ ಕೊಟ್ಟು ಬಂದೆ. ಇಳಿಯುವ ನಿಲ್ದಾಣ ಎರಡು ಸಲ ತಪ್ಪಿತು. ಹೇಳಿದರೆ ಮನೆಗಳು ಮುಚ್ಚುತ್ತವೆ. ಹೇಳದಿದ್ದರೆ ಅವಳ ನಿಶ್ಚಯವಾಗುತ್ತದೆ. ಗುರುವಾರ ಸಂಜೆ ಚಿಕ್ಕಮ್ಮನ ಮನೆಯಲ್ಲಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ತಿರುಗಿದೆ. ಕಡೆಗೆ ಚಿಕ್ಕಮ್ಮ, "ಕಾಲಿಗೆ ಎಂತ ಆಜೆ ನಿಂಗೆ? ಒಂದು ಬದಿಗೆ ಕೂತ್ಕ" ಎಂದು ಗದರಿದಳು.

ಶನಿವಾರ ಪಡಸಾಲೆಯಲ್ಲಿ ಹೊಸ ಸುಣ್ಣದ ವಾಸನೆ. ನಿಶ್ಚಯದ ಸಡಗರಕ್ಕೆ ಎಂದಿಗಿಂತ ಹೆಚ್ಚು ಹೆಂಗಸರು ಸೇರಿದ್ದರು. ನಾನು ಚೀಲದಿಂದ ಆ ಒಂದೇ ಪುಸ್ತಕ ತೆಗೆದೆ. ಬಿಜ್ಜವ್ವನ ಮದುವೆ ನಾನು ಹೆದರಿ ಕಟ್ಟಿದ್ದು ಎಂದು ಹೇಳಿ, ಪುಸ್ತಕ ತೆರೆದು, ಕಡೆಯ ಹಾಳೆಯನ್ನು ಮೊದಲು ಇಂಗ್ಲಿಷಿನಲ್ಲಿ ಓದಿ ಆಮೇಲೆ ಕನ್ನಡದಲ್ಲಿ ಹೇಳಿದೆ. ಚಿಲಕ, ಚಹಾ, ಕಿಟಕಿ. ಅದೇ ಓಘದಲ್ಲಿ ಹೇಳಿದೆ: "ನನ್ನ ಜಾತಕದಲ್ಲೂ ದೋಷವಿಲ್ಲ. ಗಂಡುಗಳು ಬಂದಿದ್ದರು. ನನಗೇ ಬೇಡವಾಗಿತ್ತು. ಹಾಗೆ ಹೇಳಲು ಹೆದರಿ ದೋಷ ಬರೆಸಿಕೊಂಡೆ."

ಇಬ್ಬರು ಹೆಂಗಸರು ಎದ್ದು, ತಮ್ಮ ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಹೊರಟುಹೋದರು. ನೀಲವ್ವ ನನ್ನನ್ನೇ ನೋಡುತ್ತಿದ್ದರು.

"ಹಂಗಾದ್ರ ಎರಡು ವರ್ಷ ನಿನ್ನ ಸಲುವಾಗಿ ನಾ ಮರುಗಿದ್ದೆಲ್ಲಾ ಸುಳ್ಳಾತಲ್ಲ ಯವ್ವಾ" ಎಂದರು. "ದೇವರ ಮುಂದ ದೀಪ ಹಚ್ಚಿ ನಿನಗೊಬ್ಬ ಗಂಡನ್ನ ಕೊಡು ಅಂತ ಕೇಳಿದ್ದೆ."

"ತಪ್ಪಾಯಿತು" ಎಂದೆ.

ಆಗ ಶಿವಲೀಲಾ ಎದ್ದು ಬಂದು ಅಜ್ಜಿಯ ಎದುರು ಕೂತಳು. "ಆಯಿ, ನಾನೂ ಒಲ್ಲೆ. ನಾ ಧಾರವಾಡಕ್ಕ ಹೊಕ್ಕೀನಿ. ಅಪ್ಪಗ ನೀನ ಹೇಳಬೇಕು." ನೀಲವ್ವ ನನ್ನ ಚೀಲ ಎತ್ತಿ ನನ್ನ ಕೈಗೆ ಕೊಟ್ಟು, "ಬಸ್ಸಿಗೆ ಹೊತ್ತಾತು, ಹೋಗ್ರಿ" ಎಂದರು. ಆ ಮನೆಯ ಪಡಸಾಲೆಯಲ್ಲಿ ನಾನು ಕೂತದ್ದು ಅದೇ ಕೊನೆ.

ಸುದ್ದಿ ನನಗಿಂತ ಮುಂಚೆ ಶಿರಸಿ ಮುಟ್ಟಿತ್ತು. ವಕೀಲರು ಕೂಗಾಡಲಿಲ್ಲ, ಚೀಲ ಇಸಿದುಕೊಂಡು ಗೋಡೆಯ ಮೊಳೆಗೆ ತೂಗುಹಾಕಿದರು. ಅಮ್ಮ ಬಂದು, "ನನ್ನತ್ರಾದ್ರೂ ಖರೆ ಹೇಳ್ಲಾಗಿತ್ತನೆ ಕೂಸೆ?" ಎಂದು ಕೇಳಿ ಹೋದಳು. ಎಂಟು ತಿಂಗಳು ನಾನು ಒಳಗಿನ ಕೋಣೆಯಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದೆ. ಅದುವರೆಗೆ ನಾವು ಪುಸ್ತಕಗಳನ್ನು ಎತ್ತರ ನೋಡಿ ಜೋಡಿಸುತ್ತಿದ್ದೆವು. ಈಗ ವಿಷಯ ನೋಡಿ ಪುಸ್ತಕಕ್ಕೆ ಸಂಖ್ಯೆ ಕೊಡುವ ದಶಾಂಶ ಪದ್ಧತಿ ಬಂದಿತ್ತು. ಪರಿಶೀಲನೆಗೆ ಬಂದ ಅಧಿಕಾರಿ ಹೆಸರಿಲ್ಲದ ಪುಸ್ತಕಕ್ಕೆ ಸಂಖ್ಯೆ ಕೊಡಲಾಗದು, ತೆಗೆದುಹಾಕಿ ಎಂದರು. ಅವರು ಹೋದ ಮೇಲೆ ನಾನು ಅದಕ್ಕೆ ಗೃಹವಿಜ್ಞಾನದ ಸಂಖ್ಯೆ ಹಾಕಿ, ಕಥೆಯನ್ನು ಕನ್ನಡದಲ್ಲಿ ಬರೆದ ಹಾಳೆಗಳನ್ನು ಒಳಗಿಟ್ಟು, ಉಪ್ಪಿನಕಾಯಿಯ ಪುಸ್ತಕದ ಪಕ್ಕ ಇಟ್ಟೆ. ಅಲ್ಲಿಂದ ಯಾವ ಹೆಂಗಸಿಗೆ ಕಳಿಸಿದರೂ ಯಾವ ಗಂಡಸೂ ತಿರುಗಿ ನೋಡುತ್ತಿರಲಿಲ್ಲ.

ಹಾಗೇ ಆಯಿತು. ಪಡಸಾಲೆಯ ಸುದ್ದಿ ಊರೂರಿಗೆ ಹಬ್ಬಿ, ಮಳೆಗಾಲ ಕಳೆದ ಮೇಲೆ ಬಸ್ಸಿನ ಕಂಡಕ್ಟರರ ಕೈಯಲ್ಲಿ ಚೀಟಿಗಳು ಬರತೊಡಗಿದವು. ಸಿದ್ದಾಪುರದಿಂದ ಒಂದು, ಯಲ್ಲಾಪುರದಿಂದ ಎರಡು. ಹೆಸರಿಲ್ಲ, ಬರೀ ನನ್ನ ವಹಿಯ ಸಂಖ್ಯೆ, ಕೆಳಗೆ 'ಚಿಲಕ ಹಾಕಿಕೊಳ್ಳುವವಳ ಪುಸ್ತಕ ಬೇಕು' ಎಂಬ ಒಂದು ಸಾಲು. ವಕೀಲರು ಚೀಟಿಗಳನ್ನು ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು, ಮೊಳೆಯಿಂದ ಚೀಲ ಇಳಿಸಿಕೊಟ್ಟರು. ಅರ್ಧದಷ್ಟು ಮನೆಗಳು ಮತ್ತೆಂದೂ ಬಾಗಿಲು ತೆರೆಯಲಿಲ್ಲ. ತೆರೆದ ಮನೆಗಳಲ್ಲಿ ಮಾತು ಬೇರೆಯಾಯಿತು. ಪಾಪ ಎನ್ನುವುದು ನಿಂತಿತು.

ಶಿವಲೀಲಾ ಧಾರವಾಡಕ್ಕೆ ಹೋದಳೆಂದು, ಮಗನ ಹತ್ತಿರ ಮೂರು ದಿನ ಮಾತು ಬಿಟ್ಟು ಕಳಿಸಿಕೊಟ್ಟವರು ನೀಲವ್ವನೇ ಎಂದು ಬನವಾಸಿಯ ಕಡೆಯವರು ಹೇಳಿದರು. ಅವಳನ್ನು ನಾನು ಮತ್ತೆ ಕಂಡದ್ದು ಅರವತ್ತರ ದಶಕದ ನಡುವೆ, ಯಲ್ಲಾಪುರದ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ಹಾಜರಿ ಪುಸ್ತಕ, ಕಂಕುಳಲ್ಲಿ ಕೊಡೆ, ನೆತ್ತಿಯ ಮೇಲೆ ಕನ್ನಡಕ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಅಕ್ಕೋರಾಗಿದ್ದಳು.

"ಆ ಕಥಿ ನಮ್ಮ ಸಾಲ್ಯಾಗ ದೊಡ್ಡ ಹುಡುಗ್ಯಾರಿಗೆ ಹೇಳ್ತೀನ್ರಿ" ಎಂದಳು. "ಕಡೀದು ಬದಲಿ ಮಾಡೂದಿಲ್ಲ."

ಅವಳ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ನಾವು ನೀಲವ್ವನ ಮೊಣಕಾಲು ನೋವಿನ ಬಗ್ಗೆ, ಕೆರೆಯ ನೀರಿನ ಬಗ್ಗೆ ಮಾತಾಡಿದೆವು. ಸೆರಗು ಕೊರಳವರೆಗೆ ಹೊದ್ದಿದ್ದಳು, ತಾಳಿ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ನನ್ನ ಕಣ್ಣು ಮಾತ್ರ ಅತ್ತಲೇ ಹೋಗುತ್ತಿತ್ತು. ಮದುವೆ ಆಯಿತೇನೇ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಎಂಟು ಹತ್ತು ವರ್ಷದಿಂದ ಎಲ್ಲ ಬಸ್ ನಿಲ್ದಾಣಗಳಲ್ಲಿ, ಎಲ್ಲ ಪಡಸಾಲೆಗಳಲ್ಲಿ ಜನ ನನಗೆ ಮೊದಲು ಕೇಳಿದ್ದು ಆ ಒಂದೇ ಪ್ರಶ್ನೆ. ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಪಕ್ಕ ಕೂತು, ಕೈ ಬೀಸಿದಳು. ನಾನು ಕೇಳಲಿಲ್ಲ.